ಸರ್ವರ್ ಡೌನ್ ಐತ್ರೀ, ನಾಳೆ ಬರ್ರಿ

ಇಂಗ್ಲಿಷಿನ ಒಂದಕ್ಷರ ಬಾರದ ಅಜ್ಜಿಗೂ ನಮ್ಮ ಜಿಲ್ಲೆಯಲ್ಲಿ ಗೊತ್ತಿರೋ ಎರಡು ಇಂಗ್ಲಿಷ್ ಶಬ್ದ ಅಂದ್ರೆ ‘ಸರ್ವರ್ ಡೌನ್’. ಪಹಣಿ ತೆಗೆಸೋಕೆ ಹೋದ್ರೂ ಅದೇ, ರೇಷನ್ ಅಂಗಡಿಯಲ್ಲೂ ಅದೇ, ಪಾಸ್‌ಬುಕ್ ಎಂಟ್ರಿ ಮಾಡಿಸೋಕೆ ಹೋದ್ರೂ ಅದೇ. ನಮ್ಮಲ್ಲೂ ಬಹಳಷ್ಟು ಮಂದಿ ಸ್ಕಾಲರ್‌ಶಿಪ್ಪಿನ ಕೊನೇ ತಾರೀಖು ಹತ್ತಿರ ಬಂದಾಗ ಆದಾಯ ಪ್ರಮಾಣಪತ್ರಕ್ಕೆ ಕ್ಯೂನಲ್ಲಿ ನಿಂತು ಈ ಮಾತು ಕೇಳಿದವರೇ.

ಕೇಳಿ ನಾವೇನು ಮಾಡ್ತೀವಿ? ಮೊಬೈಲ್ ತೆಗೆದು ರೀಲ್ಸ್ ನೋಡ್ತಾ ನಿಲ್ತೀವಿ. ನಮಗೆ ಹೋಗೋದು ಒಂದು ಕ್ಲಾಸು. ಆದರೆ ಬಾದಾಮಿ ತಾಲ್ಲೂಕಿನ ಯಾವುದೋ ಹಳ್ಳಿಯಿಂದ ಮುಂಜಾನೆ ಬಸ್ ಹಿಡಿದು ಬಂದವನಿಗೆ ಅದು ಒಂದು ದಿನದ ಪಗಾರ, ಹೋಗಿ ಬರೋ ಚಾರ್ಜು, ನಾಳೆ ಮತ್ತೆ ಅಷ್ಟೇ. ಹೆಣ್ಣುಮಕ್ಕಳಿಗೆ ಈಗ ಬಸ್ ಫ್ರೀ ಆಗಿದೆ ನಿಜ, ಆದರೆ ಹಾಳಾದ ದಿನ ಫ್ರೀ ಅಲ್ಲ. ಇಳಕಲ್ಲಿನ ನೇಕಾರ ಮಗ್ಗ ಬಿಟ್ಟು ಬಂದರೆ ಆವತ್ತು ಸೀರೆ ಒಂದು ಇಂಚೂ ಮುಂದೆ ಹೋಗಲ್ಲ. ಅಂದರೆ ಕಂಪ್ಯೂಟರ್ ಕೆಟ್ಟಾಗ ದಂಡ ಕಟ್ಟೋನು ಕಂಪ್ಯೂಟರಿನ ಮುಂದೆ ಕೂತವನಲ್ಲ, ಕೌಂಟರಿನ ಆಚೆ ನಿಂತವನು.

ನನ್ನ ವಾದ ಇಷ್ಟೇ. ‘ಸರ್ವರ್ ಡೌನ್’ ಅಂತ ಹೇಳಿದಾಗ ಎಷ್ಟೋ ಸಲ ಸರ್ವರ್ ಡೌನ್ ಆಗಿರೋದೇ ಇಲ್ಲ. ಕೆಟ್ಟಿರೋದು ಅದೇ ಟೇಬಲ್ಲಿನ ಮೇಲೆ, ಅಥವಾ ಟೇಬಲ್ಲಿನ ಕೆಳಗೆ, ಕಾಲು ತಾಗೋ ಜಾಗದಲ್ಲಿ ಇರುತ್ತೆ. ಅದನ್ನ ಹುಡುಕೋದು ಸೆಕೆಂಡ್ ಇಯರ್ ಹುಡುಗರಾದ ನಮಗೆ ಆಗದ ಕೆಲಸವೇನಲ್ಲ, ಆದರೆ ನಮಗ್ಯಾರೂ ಅದನ್ನ ಕಲಿಸಿಲ್ಲ. ಇನ್ನೊಂದು ಮಾತು, ಕನ್ನಡದಲ್ಲಿ ಕೆಲಸ ಮಾಡೋ ಕಂಪ್ಯೂಟರಿಗೆ ಬರೋ ಒಂದು ದೊಡ್ಡ ರೋಗ ಇದೆ. ಅದಕ್ಕೆ ಔಷಧಿ ಕನ್ನಡದವರೇ ಕೊಡಬೇಕು. ಅದು ಆಮೇಲೆ.

ಮೊದಲು ಸರ್ವರ್ ವಿಷಯ. ನ್ಯಾಯವಾಗಿ ಹೇಳಬೇಕಂದ್ರೆ ಸರ್ವರ್ ನಿಜವಾಗಿಯೂ ಬೀಳುತ್ತೆ. ಇಡೀ ರಾಜ್ಯದ ಮಕ್ಕಳು ಒಂದೇ ವಾರ ಒಂದೇ ವೆಬ್‌ಸೈಟಿಗೆ ನುಗ್ಗಿದರೆ ಯಾವ ಸರ್ವರ್ ತಾನೆ ತಡಕೊಳ್ಳುತ್ತೆ. ಆದರೆ ಆಪರೇಟರ್ ಬೆರಳಿನಿಂದ ಬೆಂಗಳೂರಿನ ಸರ್ವರ್ ತನಕ ನಡುವೆ ಏನೇನಿದೆ ಅಂತ ಒಮ್ಮೆ ಲೆಕ್ಕ ಹಾಕಿ: ಕೀಬೋರ್ಡು, ಅದರ ಯುಎಸ್‌ಬಿ ವೈರು, ಪಿಸಿ, ಅದರೊಳಗಿನ ವಿಂಡೋಸು, ಬ್ರೌಸರು, ಲ್ಯಾನ್ ಕೇಬಲ್ಲು, ಅದರ ತುದಿಯಲ್ಲಿ ಚಿಪ್ಪು ಮುರಿದು ಸಡಿಲಾದ ಆ ಪ್ಲಾಸ್ಟಿಕ್ ಪಿನ್ನು, ರೂಟರು, ರೂಟರಿನ ಅಡಾಪ್ಟರು, ಹೊರಗಿನ ಫೈಬರು. ಬಾದಾಮಿಯಲ್ಲಾದರೆ ಈ ಪಟ್ಟಿಗೆ ಮಂಗಗಳನ್ನೂ ಸೇರಿಸಬೇಕು, ಮಾಳಿಗೆ ಮೇಲಿನ ವೈರಿಗೆ ಜೋತುಬೀಳೋದ್ರಲ್ಲಿ ಅವನ್ನ ಮೀರಿಸೋರಿಲ್ಲ. ಇಷ್ಟರಲ್ಲಿ ಯಾವುದು ಕೆಟ್ಟರೂ ಸ್ಕ್ರೀನಿನ ಮೇಲೆ ಕಾಣೋದು ಒಂದೇ: ಪೇಜ್ ಬರ್ತಿಲ್ಲ. ಅದಕ್ಕೆ ಹೆಸರೂ ಒಂದೇ ಆಗಿಬಿಟ್ಟಿದೆ.

ಬೇರೆ ಬೇರೆ ಮಾಡಿ ನೋಡೋಕೆ ದೊಡ್ಡ ವಿದ್ಯೆ ಬೇಕಿಲ್ಲ. ಇದೇ ಪಿಸಿಯಲ್ಲಿ ಬೇರೆ ಯಾವುದಾದ್ರೂ ಸೈಟ್ ತೆರೆಯುತ್ತಾ? ತೆರೆದ್ರೆ ಇಂಟರ್ನೆಟ್ ಸರಿ ಇದೆ. ಪಕ್ಕದ ಟೇಬಲ್ಲಿನ ಪಿಸಿಯಲ್ಲಿ ಇದೇ ಸೈಟ್ ತೆರೆಯುತ್ತಾ? ತೆರೆದ್ರೆ ಸರ್ವರ್ ಸರಿ ಇದೆ, ತಪ್ಪು ಈ ಪಿಸಿಯದ್ದು. ಯಾರದಾದ್ರೂ ಮೊಬೈಲಿನಲ್ಲಿ ಆ ಸೈಟ್ ತೆರೆಯುತ್ತಾ ಅಂತಲೂ ನೋಡಬಹುದು, ಆದರೆ ಕೆಲವು ಸರ್ಕಾರಿ ಸೈಟುಗಳು ಕಚೇರಿಯ ನೆಟ್‌ವರ್ಕಿನಲ್ಲಿ ಮಾತ್ರ ತೆರೀತಾವೆ, ಹಾಗಾಗಿ ಅದನ್ನ ಪೂರ್ತಿ ನಂಬೋ ಹಾಗಿಲ್ಲ. ಮೂರು ಪ್ರಶ್ನೆ, ಎರಡು ನಿಮಿಷ. ಬೈನರಿ ಸರ್ಚ್ ಅಂತ ನಾವು ಡೇಟಾ ಸ್ಟ್ರಕ್ಚರ್ಸ್ ಪೇಪರಿನಲ್ಲಿ ಹತ್ತು ಮಾರ್ಕಿಗೆ ಬರೀತೀವಲ್ಲ, ಅದೇ ಇದು. ಅರ್ಧ ಮಾಡು, ಯಾವ ಅರ್ಧದಲ್ಲಿದೆ ನೋಡು, ಮತ್ತೆ ಅರ್ಧ ಮಾಡು. ಎಕ್ಸಾಂ ಹಾಲಿನಿಂದ ಆಚೆ ಬಂದಮೇಲೆ ಅದನ್ನ ಬಳಸಬಹುದು ಅಂತ ನಮಗೆ ಹೊಳೆಯೋದೇ ಇಲ್ಲ.

ಹೋದ ಬೇಸಿಗೆಯಲ್ಲಿ ಕಾಕಾನ ಜೊತೆ ಹುನಗುಂದ ಕಡೆಯ ಒಂದು ಕಚೇರಿಗೆ ಹೋಗಿದ್ದೆ. ಹತ್ತೂವರೆ ಆಗಿತ್ತು, ಹದಿನೈದು ಇಪ್ಪತ್ತು ಮಂದಿ ಆಗಲೇ ಕಟ್ಟೆ ಮೇಲೆ ಕೂತಿದ್ದರು. ಒಳಗಿದ್ದ ಆಪರೇಟರ್ ಅಕ್ಕಾರು ಹೇಳಿದ್ದು ನನಗೆ ಭಾಳ ವಿಚಿತ್ರ ಅನ್ನಿಸ್ತು: “ದಿನಾ ಮುಂಜಾನೆ ಹಿಂಗ ಸರ್ವರ್ ಡೌನ್ ಇರತೈತಿ ತಮ್ಮಾ. ಹನ್ನೊಂದೂವರಿಗೆ ಒಬ್ಬ ಹುಡುಗ ಬಂದು ಏನೋ ಒತ್ತಿ ಹೋಗ್ತಾನ, ಆಮ್ಯಾಲ ಚಾಲೂ ಆಗತೈತಿ.” ದಿನಾ ಮುಂಜಾನೆ ಮಾತ್ರ ಬೀಳೋ ಸರ್ವರ್, ಒಬ್ಬ ಹುಡುಗ ಹುನಗುಂದದಲ್ಲಿ ಏನೋ ಒತ್ತಿದರೆ ಬೆಂಗಳೂರಿನಲ್ಲಿ ಏಳುತ್ತೆ!

“ಅಕ್ಕಾರ, ಸ್ಕ್ರೀನ್ ಒಂಚೂರು ತೋರಸ್ತೀರೇನ್ರಿ?” ಅಂತ ಕೇಳಿದೆ. ತೋರಿಸಿದರು. ಬ್ರೌಸರಿನಲ್ಲಿ ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು, ನಿಮ್ಮ ಗಡಿಯಾರ ಹಿಂದಿದೆ ಅಂತ. ಕೆಳಗೆ ಮೂಲೆಯಲ್ಲಿ ತಾರೀಖು ನೋಡಿದರೆ ಸುಮಾರು ಹದಿನೈದು ವರ್ಷ ಹಿಂದಿನ ಜನವರಿ ಒಂದು.

ಆಗಿದ್ದೇನಂದ್ರೆ, ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದ ಹಾಗಿರೋ ಒಂದು ಸೆಲ್ ಇರುತ್ತೆ, ಸಿಆರ್2032 ಅಂತ, 3 ವೋಲ್ಟಿನದು. ಕರೆಂಟು ಪೂರ್ತಿ ಇಲ್ಲದಾಗ ಗಡಿಯಾರ ಓಡಿಸೋದು ಅದರ ಕೆಲಸ. ಪಿಸಿ ಆಫ್ ಆಗಿದ್ದರೂ ಪ್ಲಗ್ಗಿನಲ್ಲಿ ಕರೆಂಟ್ ಇದ್ದರೆ ಸೆಲ್ಲಿಗೆ ಅಷ್ಟು ಕೆಲಸ ಇರಲ್ಲ. ಆದರೆ ನಮ್ಮ ಕಚೇರಿಗಳಲ್ಲಿ ಸಂಜೆ ಬೀಗ ಹಾಕೋವಾಗ ಮೇನ್ ಸ್ವಿಚ್ಚೇ ತೆಗೆದು ಹೋಗೋ ಪದ್ಧತಿ. ಅದು ಒಳ್ಳೇದೇ, ಶಾರ್ಟ್ ಸರ್ಕ್ಯೂಟಿನ ಭಯ ಇರಲ್ಲ. ಆದರೆ ರಾತ್ರಿಯೆಲ್ಲಾ ಗಡಿಯಾರದ ಭಾರ ಸೆಲ್ಲಿನ ಮೇಲೆ ಬೀಳುತ್ತೆ, ಕೆಲವು ವರ್ಷದಲ್ಲಿ ಸೆಲ್ ಸಾಯುತ್ತೆ. ಆಮೇಲೆ ದಿನಾ ಮುಂಜಾನೆ ಪಿಸಿಗೆ ಇವತ್ತು ಯಾವ ದಿನ ಅನ್ನೋದೇ ಗೊತ್ತಿರಲ್ಲ.

ತಾರೀಖು ತಪ್ಪಿದರೆ ವೆಬ್‌ಸೈಟ್ ಯಾಕೆ ತೆರೆಯಲ್ಲ? ಪ್ರತಿ ಸುರಕ್ಷಿತ ಸೈಟೂ ಬ್ರೌಸರಿಗೆ ಒಂದು ಸರ್ಟಿಫಿಕೇಟ್ ತೋರಿಸುತ್ತೆ, ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಚಾಲ್ತಿ ಅಂತ ಇರುತ್ತೆ. ಬ್ರೌಸರ್ ಅದನ್ನ ಪಿಸಿಯ ಗಡಿಯಾರದ ಜೊತೆ ಹೋಲಿಸಿ ನೋಡುತ್ತೆ. ಪಿಸಿ ಹದಿನೈದು ವರ್ಷ ಹಿಂದೆ ಕೂತಿದ್ದರೆ ಈ ವರ್ಷದ ಸರ್ಟಿಫಿಕೇಟು ‘ಇನ್ನೂ ಹುಟ್ಟೇ ಇಲ್ಲ’. ಹಾಗಾಗಿ ಬಾಗಿಲು ಹಾಕಿಬಿಡುತ್ತೆ. ಹನ್ನೊಂದೂವರೆಗೆ ಬರೋ ಹುಡುಗ ದಿನಾ ತಾರೀಖು ತಿದ್ದಿ ಹೋಗ್ತಿದ್ದ. ಒಂದು ಸೆಲ್ ಹಾಕಿದ್ದರೆ ಮುಗೀತಿತ್ತು, ಐವತ್ತು ರೂಪಾಯಿ ಒಳಗಿನ ಮಾತು. ಆದರೆ ಅವನಿಗೆ ಸೆಲ್ ತರೋಕೆ ಹೇಳಿದವರಿಲ್ಲ, ಬಿಲ್ ಪಾಸ್ ಮಾಡೋರು ಯಾರು ಅನ್ನೋದೂ ಗೊತ್ತಿಲ್ಲ. ಆವತ್ತು ಅಕ್ಕಾರೇ ತಾರೀಖು ತಿದ್ದೋದು ಕಲಿತರು. ಎರಡು ನಿಮಿಷ ಆಯ್ತು. ಕಟ್ಟೆ ಮೇಲೆ ಕೂತವರು ಎದ್ದು ಸಾಲು ಹಚ್ಚಿದರು.

ಇದರಲ್ಲಿ ನನಗೆ ಚುಚ್ಚೋ ಸಂಗತಿ ಸೆಲ್ ಅಲ್ಲ. ಉತ್ತರ ಸ್ಕ್ರೀನಿನ ಮೇಲೇ ಇತ್ತು. ದೊಡ್ಡ ಅಕ್ಷರದಲ್ಲಿತ್ತು. ಆದರೆ ಇಂಗ್ಲಿಷಿನಲ್ಲಿತ್ತು. ಅಕ್ಕಾರಿಗೆ ದಿನಕ್ಕೆ ನೂರು ಅರ್ಜಿ ಹೊಡೆಯೋ ವೇಗ ಇದೆ, ಯಾವ ಫಾರ್ಮಿನಲ್ಲಿ ಯಾವ ಕಾಲಂ ಎಲ್ಲಿದೆ ಅಂತ ಕಣ್ಮುಚ್ಚಿ ಹೇಳ್ತಾರೆ. ಎರರ್ ಬಂದಾಗ ಮಾತ್ರ ಅದು ಓದೋ ವಾಕ್ಯ ಅಲ್ಲ, ಕೆಂಪು ಬಣ್ಣದ ಒಂದು ಚಿತ್ರ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು. ನಮ್ಮ ಮನೆತನದಲ್ಲಿ, ಓಣಿಯಲ್ಲಿ ಯಾರ ಲ್ಯಾಪ್‌ಟಾಪ್ ಕೆಟ್ಟರೂ ನನ್ನನ್ನ ಕರೀತಾರೆ, ‘ಹುಡುಗ ಕಂಪ್ಯೂಟರ್ ಎಕ್ಸ್‌ಪರ್ಟ್’ ಅಂತ. ನಿಜ ಹೇಳಬೇಕಂದ್ರೆ ಅರ್ಧ ಸಲ ನಾನು ಮಾಡೋದು ಎರರ್ ಮೆಸೇಜನ್ನ ಪೂರ್ತಿ ಓದೋದು, ಅಷ್ಟೇ. ನಮ್ಮಲ್ಲಿ ತುಂಬಾ ಜನರ ‘ಟೆಕ್ನಿಕಲ್ ನಾಲೆಜ್’ ಅಂದರೆ ಇಂಗ್ಲಿಷ್ ಓದೋ ಧೈರ್ಯ. ಇದನ್ನ ಒಪ್ಪಿಕೊಂಡರೆ ಕನ್ನಡ ಸಂಘಕ್ಕೆ ಏನು ಕೆಲಸ ಇದೆ ಅನ್ನೋದು ತಾನಾಗೇ ಕಾಣುತ್ತೆ.

ಇನ್ನೂ ಒಂದೆರಡು ಉದಾಹರಣೆ ಬೇಗ ಹೇಳಿಬಿಡ್ತೀನಿ. ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಬಿಲ್ ಪ್ರಿಂಟರಿನಿಂದ ಖಾಲಿ ಕಾಗದ ಬರ್ತಿತ್ತು. ‘ಹೆಡ್ ಹೋಗೈತಿ, ಹೊಸಾದು ತಗೋರಿ’ ಅಂತ ಯಾರೋ ಹೇಳಿ ಹೋಗಿದ್ದರು. ಹೆಡ್ ಹೋಗಿರಲಿಲ್ಲ, ರೋಲ್ ತಿರುವುಮುರುವು ಹಾಕಿದ್ದರು. ಆ ಪ್ರಿಂಟರಿನಲ್ಲಿ ಇಂಕೇ ಇರಲ್ಲ, ಕಾಗದಕ್ಕೆ ಒಂದು ಬದಿ ಮಾತ್ರ ಬಿಸಿ ತಾಗಿದರೆ ಕಪ್ಪಾಗೋ ಲೇಪ ಇರುತ್ತೆ. ಉಗುರಿನಿಂದ ಜೋರಾಗಿ ಗೀರಿದರೆ ಲೇಪ ಇರೋ ಬದಿಯಲ್ಲಿ ಕಪ್ಪು ಗೆರೆ ಮೂಡುತ್ತೆ, ಆ ಬದಿ ಹೆಡ್ಡಿನ ಕಡೆ ಬರಬೇಕು. ಹೊಸ ಪ್ರಿಂಟರಿನ ರೊಕ್ಕ ಒಂದು ಉಗುರಿನಲ್ಲಿ ಉಳೀತು.

ಯುಪಿಎಸ್ ವಿಷಯ ಹೇಳೋದೇ ಬೇಡ. ಬಾಗಲಕೋಟೆ ಬೇಸಿಗೆ 40 ಡಿಗ್ರಿ ದಾಟುತ್ತೆ. ಲೆಡ್ ಆಸಿಡ್ ಬ್ಯಾಟರಿಯ ಆಯುಷ್ಯ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ ಅಂತ ಒಂದು ಲೆಕ್ಕ ಇದೆ. ಅಂಥಾದ್ದರಲ್ಲಿ ಯುಪಿಎಸ್ಸನ್ನ ಟೇಬಲ್ಲಿನ ಕೆಳಗೆ, ಹಳೇ ಫೈಲುಗಳ ನಡುವೆ, ಗಾಳಿ ಆಡದ ಮೂಲೆಗೆ ತುರುಕಿ ಇಟ್ಟಿರ್ತಾರೆ. ಅದು ಕುಯ್ ಕುಯ್ ಅಂತ ಅಳ್ತಾನೇ ಇರುತ್ತೆ, ಯಾರೂ ಕೇಳಲ್ಲ.

ಬೆರಳಚ್ಚಿನ ಮಶೀನ್ ಬೇರೆ ತರಹ. ಅಲ್ಲಿ ಮಶೀನೂ ಸರಿ, ನೆಟ್ಟೂ ಸರಿ, ಆದರೂ ‘ಮಶೀನ್ ತಗೋವಲ್ದು’. ವರ್ಷಾನುಗಟ್ಟಲೆ ನೂಲು, ಮಣ್ಣು, ಕಲ್ಲು ಹಿಡಿದ ಬೆರಳಿನ ಗೆರೆ ಸವೆದಿರುತ್ತೆ. ಹಿಂದಿನವನದ್ದೂ ಮುಂದಿನವನದ್ದೂ ತಗೊಂಡು ಒಬ್ಬ ಅಜ್ಜನದ್ದು ಮಾತ್ರ ತಗೋಲಿಲ್ಲ ಅಂದ್ರೆ ಕೆಟ್ಟಿರೋದು ಮಶೀನೂ ಅಲ್ಲ, ಸರ್ವರೂ ಅಲ್ಲ. ಗಾಜು ಒರೆಸಿ, ಬೇರೆ ಬೆರಳು ಇಡಿಸಿ, ಬೇರೆ ದಾರಿ ಇದ್ದರೆ ಅದನ್ನ ನೋಡಬೇಕು. ಅವನಿಗೆ ‘ನಾಳೆ ಬಾ’ ಅಂದ್ರೆ ನಾಳೆ ಅವನ ಬೆರಳೇನು ಹೊಸದಾಗಿ ಬರುತ್ತಾ?

‘ಸರ್ವರ್ ಡೌನ್’ಗೆ ಒಬ್ಬ ತಮ್ಮ ಇದ್ದಾನೆ, ಅವನ ಹೆಸರು ‘ಫಾರ್ಮ್ಯಾಟ್ ಹೊಡೀರಿ’. ಸ್ಲೋ ಆಗಿದೆಯಾ, ಫಾರ್ಮ್ಯಾಟ್. ಪ್ರಿಂಟ್ ಬರ್ತಿಲ್ವಾ, ಫಾರ್ಮ್ಯಾಟ್. ಎಷ್ಟೋ ಸಲ ಪ್ರಿಂಟ್ ಸಾಲಿನಲ್ಲಿ ಮೊನ್ನೆಯ ಒಂದು ಫೈಲ್ ಸಿಕ್ಕಿಹಾಕಿಕೊಂಡಿರುತ್ತೆ, ಅದನ್ನ ತೆಗೆದು ಸ್ಪೂಲರ್ ಒಮ್ಮೆ ರೀಸ್ಟಾರ್ಟ್ ಮಾಡಿದರೆ ಸಾಕು. ಇಳಕಲ್ಲಿನಲ್ಲಿ ಮಗ್ಗದ ಮುಂದೆ ಒಂದು ಅರ್ಧ ಗಂಟೆ ಕೂತು ನೋಡಿ. ಹಾಸಿನಲ್ಲಿ ಒಂದು ಎಳೆ ಹರಿದರೆ ನೇಕಾರ ಇಡೀ ಹಾಸು ಕತ್ತರಿಸಿ ಬಿಸಾಕಲ್ಲ. ಮಗ್ಗ ನಿಲ್ಲಿಸ್ತಾನೆ, ಸಾವಿರಾರು ಎಳೆಗಳ ನಡುವೆ ಅದೇ ಒಂದನ್ನ ಹುಡುಕಿ ಗಂಟು ಹಾಕಿ ಮುಂದೆ ಹೋಗ್ತಾನೆ. ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸೋ ಊರು ಅದು. ಆ ಊರಿನ ಪಕ್ಕದಲ್ಲಿ ಕಾಲೇಜು ಕಟ್ಟಿಕೊಂಡು ನಾವು ಪ್ರಿಂಟ್ ಬರಲಿಲ್ಲ ಅಂತ ಇಡೀ ಡಿಸ್ಕ್ ಅಳಿಸ್ತೀವಿ.

ಅಳಿಸಿದಾಗ ಏನೇನು ಹೋಗುತ್ತೆ? ಡೆಸ್ಕ್‌ಟಾಪ್ ಮೇಲಿಟ್ಟ ಫೈಲುಗಳು ಹೋಗ್ತಾವೆ. ಫೈಲು ಪೆನ್‌ಡ್ರೈವಿನಲ್ಲಿ ಉಳಿದರೂ ನುಡಿ ಫಾಂಟ್ ಹೋಗುತ್ತೆ. ಮರುದಿನ ಫೈಲ್ ತೆರೆದರೆ ಕನ್ನಡ ಇರಲ್ಲ, ಪೌಂಡ್ ಚಿಹ್ನೆ, ನೆತ್ತಿ ಮೇಲೆ ಗೀಟಿರೋ ‘ಎ’ಗಳು, ಯಾವುದೋ ಜರ್ಮನ್ ಅಕ್ಷರ. ‘ವೈರಸ್ ಬಂದೈತಿ’ ಅಂತಾರೆ. ನಾನು ಆಗಲೇ ಹೇಳಿದ ಕನ್ನಡದ್ದೇ ಆದ ರೋಗ ಇದು. ಇದು ವೈರಸ್ ಅಲ್ಲ.

ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಸಿಎಸ್ ಬ್ರಾಂಚಿನವರಿಗೂ ಇದು ಗೊತ್ತಿಲ್ಲ. ಕಂಪ್ಯೂಟರಿಗೆ ಅಕ್ಷರ ಅಂದರೆ ಒಂದು ನಂಬರು. ಹಳೇ ನುಡಿ ಫಾಂಟಿನಲ್ಲಿ ಮಾಡಿದ ಉಪಾಯ ಏನಂದ್ರೆ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ನಂಬರುಗಳನ್ನ ಹಾಗೇ ಇಟ್ಟು ಅವುಗಳ ಚಿತ್ರ ಮಾತ್ರ ಬದಲಿಸೋದು. ಇಂಗ್ಲಿಷ್ ದೊಡ್ಡ ‘ಪಿ’ ಇರೋ ಜಾಗದಲ್ಲಿ ತಲೆಕಟ್ಟಿಲ್ಲದ ಕ, ನೆತ್ತಿ ಮೇಲೆ ಗೀಟಿರೋ ‘ಎ’ ಜಾಗದಲ್ಲಿ ತಲೆಕಟ್ಟು, ಪೌಂಡ್ ಚಿಹ್ನೆಯ ಜಾಗದಲ್ಲಿ ನ, ಆ ಜರ್ಮನ್ ಅಕ್ಷರದ ಜಾಗದಲ್ಲಿ ನ ಒತ್ತು, ಸಣ್ಣ ‘ಕ್ಯೂ’ ಜಾಗದಲ್ಲಿ ಡ. ಹಾಗಾಗಿ ‘ಕನ್ನಡ’ ಅನ್ನೋ ಮೂರಕ್ಷರದ ಶಬ್ದ ನುಡಿ ಫೈಲಿನೊಳಗೆ ಏಳು ತುಂಡಾಗಿ ಕೂತಿರುತ್ತೆ: ಕ, ತಲೆಕಟ್ಟು, ನ, ತಲೆಕಟ್ಟು, ಒತ್ತು, ಡ, ತಲೆಕಟ್ಟು. ಫಾಂಟ್ ಇರೋವರೆಗೆ ಕಣ್ಣಿಗೆ ಕನ್ನಡ. ಫಾಂಟ್ ತೆಗೆದರೆ ಒಳಗಿನ ಪೌಂಡು ಬಯಲಿಗೆ ಬರುತ್ತೆ.

ಯುನಿಕೋಡ್ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೂ ಅದರಲ್ಲಿ ಕನ್ನಡಕ್ಕೆ 128 ನಂಬರುಗಳ ಸ್ವಂತ ಜಾಗ ಇದೆ. ಅಲ್ಲಿ ‘ಕನ್ನಡ’ ಅಂದರೆ ಐದು ನಂಬರು: ಕ, ನ, ಹಲಂತ, ನ, ಡ. ಯಾವ ಫಾಂಟ್ ಹಾಕಿದರೂ, ಯಾವ ಮೊಬೈಲಿಗೆ ಕಳಿಸಿದರೂ ಅದು ಕನ್ನಡವೇ. ನೀವು ವಾಟ್ಸಾಪಿನಲ್ಲಿ ಹೊಡೆಯೋದು ಇದೇ.

ನುಡಿಯನ್ನ ಬೈಯೋದು ನನ್ನ ಉದ್ದೇಶ ಅಲ್ಲ. ಕನ್ನಡ ಗಣಕ ಪರಿಷತ್ತು ಅದನ್ನ ಮಾಡಿದ ಕಾಲಕ್ಕೆ ಯುನಿಕೋಡ್ ಕನ್ನಡ ಎಲ್ಲಾ ಕಂಪ್ಯೂಟರಿನಲ್ಲೂ ನೆಟ್ಟಗೆ ಮೂಡ್ತಿರಲಿಲ್ಲ. ವಿಂಡೋಸಿನ ಜೊತೆ ತುಂಗಾ ಫಾಂಟ್ ಬಂದಿದ್ದೇ 2001ರಲ್ಲಿ, ಎಕ್ಸ್‌ಪಿ ಜೊತೆ. ಅದಕ್ಕೂ ಮುಂಚೆ 1998ರಲ್ಲಿ ಬರಹ ಬಂದಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಲ್ಲದಿದ್ದರೆ ನಾವಿವತ್ತು ಇಷ್ಟು ಸಲೀಸಾಗಿ ಕನ್ನಡ ಹೊಡೀತಿರಲಿಲ್ಲ. ಈ ತಂತ್ರಾಂಶಗಳು ಇಲ್ಲದಿದ್ದರೆ ಕಚೇರಿಗಳಿಗೆ ಕಂಪ್ಯೂಟರ್ ಬಂದಾಗ ಕನ್ನಡ ಹೊರಗೇ ಉಳೀತಿತ್ತು. ಆದರೆ 2012ರಲ್ಲೇ ರಾಜ್ಯ ಸರ್ಕಾರ ಯುನಿಕೋಡ್ ಬಳಸಬೇಕು ಅಂತ ಆದೇಶ ಮಾಡಿದೆ. ನುಡಿಯಲ್ಲೇ ಯುನಿಕೋಡ್ ಕೂಡ ಇದೆ, ಒಂದು ಆಯ್ಕೆ ಬದಲಿಸಿದರೆ ಸಾಕು. ಆದರೂ ಇವತ್ತಿಗೂ ಹಳೇ ಫಾಂಟಿನಲ್ಲೇ ಹೊಡೆಯೋರು ಇದ್ದಾರೆ.

ಅವರಲ್ಲಿ ಡಿಟಿಪಿ ಅಂಗಡಿಯವರನ್ನ ನಾನು ದೂರಲ್ಲ. ಲಗ್ನಪತ್ರಿಕೆ ಮಾಡೋ ಪೇಜ್‌ಮೇಕರಿಗೆ ಯುನಿಕೋಡ್ ಗೊತ್ತೇ ಇಲ್ಲ, ಒತ್ತು ಒಂದು ಕಡೆ ಅಕ್ಷರ ಒಂದು ಕಡೆ ಹೋಗುತ್ತೆ. ವರನ ಹೆಸರಿನ ಒತ್ತು ಬೀಗರ ಹೆಸರಿಗೆ ಹೋದ್ರೆ ಮದುವೆನೇ ನಿಲ್ಲಬಹುದು. ಹೊಸ ತಂತ್ರಾಂಶಕ್ಕೆ ವರ್ಷ ವರ್ಷ ಕೊಡೋ ರೊಕ್ಕ ಸಣ್ಣ ಅಂಗಡಿಗೆ ಹೊರೆ. ಅವರ ಕೆಲಸ ಕಾಗದದ ಮೇಲೆ ಮುಗಿಯುತ್ತೆ, ಆಮೇಲೆ ಫೈಲ್ ಏನಾದ್ರೂ ನಡೆಯುತ್ತೆ. ಶಾಲೆ, ಪಂಚಾಯ್ತಿ, ಗ್ರಂಥಾಲಯ, ಸಹಕಾರಿ ಸಂಘಗಳ ವಿಷಯ ಹಾಗಲ್ಲ, ಅವರ ಫೈಲು ಹತ್ತು ವರ್ಷ ಆದಮೇಲೂ ತೆರೀಬೇಕು. ಹಳೇ ನುಡಿ ಫೈಲುಗಳ ನಡುವೆ ‘ಇಳಕಲ್’ ಅಂತ ಹುಡುಕಿದರೆ ಕಂಪ್ಯೂಟರಿಗೆ ಒಂದೂ ಸಿಗಲ್ಲ, ಯಾಕಂದ್ರೆ ಫೈಲಿನೊಳಗೆ ಆ ಶಬ್ದ ಇಲ್ಲ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಹಾಕಿಕೊಂಡರೆ ಅದು ಪೌಂಡ್ ಪೌಂಡ್ ಅಂತ ಓದುತ್ತೆ. ಕನ್ನಡದಲ್ಲಿ ಬರೆದ ಆದೇಶ ಒಬ್ಬ ಕನ್ನಡಿಗನಿಗೇ ಓದೋಕೆ ಬರಲ್ಲ.

ಬಾದಾಮಿಯ ಕೆರೆಯ ಆಚೆ ಬಂಡೆ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 700ನೇ ಇಸವಿಯದು, ನಮ್ಮ ತ್ರಿಪದಿಯ ಹಳೇ ನಮೂನೆ ಅಲ್ಲೇ ಇರೋದು. ಹಳಗನ್ನಡ ಕಲಿತವರು ಇವತ್ತಿಗೂ ಅದರ ಮುಂದೆ ನಿಂತು ಓದ್ತಾರೆ. ಅದೇ ಊರಿನಿಂದ ಬಂದ ನನ್ನ ರೂಮ್‌ಮೇಟ್ ಹತ್ತಿರ ಅವರಜ್ಜ 2006ರಲ್ಲಿ ಟೈಪ್ ಮಾಡಿಸಿದ ಮನೆತನದ ಇತಿಹಾಸದ ಸಿಡಿ ಇದೆ. ಮೂವತ್ತು ಪುಟ. ನಾಲ್ಕು ಜನ ಸೇರಿ ಒಂದು ಸಂಜೆ ಕೂತ ಮೇಲೆ ಅದು ಓದೋಕೆ ಬಂತು.

ಹೇಗೆ ಬಂತು ಅಂತಲೂ ಹೇಳ್ತೀನಿ, ಬೇಕಾಗುತ್ತೆ. ಮೊದಲು ಫೈಲಿನ ಒಂದು ನಕಲು ಮಾಡಿಕೊಳ್ಳಿ, ಮೂಲವನ್ನ ಮುಟ್ಟಬೇಡಿ. ಆ ಫಾಂಟನ್ನ ಪಿಸಿಗೆ ಹಾಕಿದರೆ ಸುಮ್ಮನೆ ಓದೋಕೆ ಸಾಕು. ಮುಂದಿನವರಿಗೂ ಉಳೀಬೇಕು ಅಂದ್ರೆ ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಬೇಕು. ನುಡಿಯ ಜೊತೆಗೇ ಒಂದು ಬರುತ್ತೆ, ಬೇರೆಯವೂ ಇವೆ. ಮಾಡಿದ ಮೇಲೆ ಕಣ್ಣಾಡಿಸಲೇಬೇಕು. ಅರ್ಕಾವತ್ತು ಜಾಗ ತಪ್ಪಿರುತ್ತೆ, ಕೆಲವು ಒತ್ತು ಕಳೆದಿರುತ್ತೆ, ನಡುವೆ ಇಂಗ್ಲಿಷ್ ಶಬ್ದ ಇದ್ದರೆ ಅದೂ ಕನ್ನಡ ಅಂತ ತಿಳಿದು ಏನೋ ಒಂದು ಮಾಡಿಟ್ಟಿರುತ್ತೆ. ಈ ತಿದ್ದೋ ಕೆಲಸಕ್ಕೆ ಕಂಪ್ಯೂಟರ್ ಗೊತ್ತಿದ್ದರೆ ಸಾಲದು, ಕನ್ನಡ ಬರಬೇಕು. ಬೆಂಗಳೂರಿನ ಹೆಲ್ಪ್‌ಡೆಸ್ಕಿನವರು ಫೋನಿನಲ್ಲಿ ಇದನ್ನ ಮಾಡಿಕೊಡೋಕೆ ಆಗಲ್ಲ.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ಲ್ಯಾಬಿನಲ್ಲಿ ಸಿಸ್ಟಮ್ ಆನ್ ಆಗಲಿಲ್ಲ ಅಂದ್ರೆ ನಾವು ಪಕ್ಕದ ಸಿಸ್ಟಮಿಗೆ ಹೋಗಿ ಕೂರ್ತೀವಿ. ಯಾಕೆ ಆನ್ ಆಗಲಿಲ್ಲ ಅಂತ ಕೇಳೋದು ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್ ಕೆಲಸ. ಪೈಥಾನ್ ಬರುತ್ತೆ, ಮಶೀನ್ ಲರ್ನಿಂಗ್ ಸರ್ಟಿಫಿಕೇಟ್ ಇದೆ, ರ‍್ಯಾಮ್ ತೆಗೆದು ಒರೆಸಿ ಹಾಕು ಅಂದ್ರೆ ಕೈ ನಡುಗುತ್ತೆ. ‘ಅದು ಟೆಕ್ನಿಷಿಯನ್ ಕೆಲಸ ಲೇ, ನಾವು ಎಂಜಿನಿಯರ್ಸ್’ ಅಂತ ನಮ್ಮ ಹಾಸ್ಟೆಲಿನಲ್ಲೇ ಒಬ್ಬ ಹೇಳಿದ. 2024ರ ಜುಲೈ 19ರಂದು ಏನಾಯ್ತು ಅಂತ ಅವನಿಗೆ ನೆನಪು ಮಾಡಿಕೊಟ್ಟೆ. ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರ ನೀಲಿ ಪರದೆ ತೋರಿಸಿ ನಿಂತವು, ನಮ್ಮ ದೇಶದ ಏರ್‌ಪೋರ್ಟುಗಳಲ್ಲಿ ಬೋರ್ಡಿಂಗ್ ಪಾಸನ್ನ ಕೈಯಿಂದ ಬರೆದು ಕೊಟ್ಟರು. ಪರಿಹಾರ ಏನಿತ್ತು? ಕೆಟ್ಟ ಯಂತ್ರದ ಮುಂದೆ ಹೋಗಿ, ಸೇಫ್ ಮೋಡಿನಲ್ಲಿ ತೆರೆದು, ಒಂದು ಫೈಲ್ ಅಳಿಸೋದು. ಎಷ್ಟೋ ಕಡೆ ದೊಡ್ಡ ದೊಡ್ಡ ಪ್ಯಾಕೇಜಿನ ಎಂಜಿನಿಯರುಗಳು ಆ ವಾರ ಟೇಬಲ್ಲಿಂದ ಟೇಬಲ್ಲಿಗೆ ನಡೆದು ಅದನ್ನೇ ಮಾಡಿದರು.

ಹಾಗಂತ ನಾವೆಲ್ಲಾ ಊರಿಗೆ ಹೋಗಿ ಫ್ರೀಯಾಗಿ ರಿಪೇರಿ ಮಾಡೋಣ ಅಂತ ನಾನು ಹೇಳ್ತಿಲ್ಲ. ಹೋದ ಮೀಟಿಂಗಿನಲ್ಲಿ ಯಾರೋ ಹಾಗಂದಾಗ ನಾನು ವಿರೋಧ ಮಾಡಿದೆ. ಒಂದು, ಸರ್ಕಾರಿ ಕಚೇರಿಯ ಪಿಸಿಯಲ್ಲಿ ಜನರ ಜಮೀನು, ಜಾತಿ, ಆಧಾರ್ ಎಲ್ಲಾ ಇರುತ್ತೆ, ಅದನ್ನ ಹೊರಗಿನ ಹುಡುಗರು ಮುಟ್ಟಬಾರದು, ಮುಟ್ಟೋಕೆ ಬಿಡಲೂಬಾರದು. ಎರಡು, ಈ ನಾಲ್ಕೂ ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಹೊಟ್ಟೆ ಹೊರೆಯೋರು ಇದ್ದಾರೆ. ನಾವು ಫ್ರೀ ಅಂತ ಹೋದ್ರೆ ಅವರ ಅನ್ನಕ್ಕೆ ಕಲ್ಲು ಹಾಕಿದ ಹಾಗೆ. ಐಟಿಐ ಮುಗಿಸಿ ಹತ್ತು ವರ್ಷ ಸಾವಿರಾರು ಪಿಸಿ ಬಿಚ್ಚಿದವನಿಗೆ ನಮಗಿಂತ ಎಷ್ಟೋ ಹೆಚ್ಚು ಗೊತ್ತು. ಬೀಪ್ ಸದ್ದು ಕೇಳಿ ರ‍್ಯಾಮ್ ಅಂತ ಹೇಳ್ತಾನೆ, ವಾಸನೆ ಹಿಡಿದು ಎಸ್‌ಎಂಪಿಎಸ್ ಅಂತ ಹೇಳ್ತಾನೆ. ಪ್ರತಿ ಸೆಮಿಸ್ಟರಿಗೂ ಎಐ ಬಗ್ಗೆ ಎರಡು ವೆಬಿನಾರ್ ಮಾಡ್ತೀವಲ್ಲ, ಅದರಲ್ಲಿ ಒಂದನ್ನ ಬಿಟ್ಟು ಅಂಥ ಒಬ್ಬರನ್ನ ಗೌರವಧನ ಕೊಟ್ಟು ಕರೆಸೋಣ. ಶಾಲು ಹಾರ ಬೇಡ, ಸ್ಟೇಜೂ ಬೇಡ. ಒಂದು ಟೇಬಲ್, ನಾಲ್ಕು ಕೆಟ್ಟ ಪಿಸಿ ಸಾಕು.

ನಮ್ಮ ಸಂಘದ ಪಾಲಿನ ಕೆಲಸ ಬೇರೆ. ಒಂದು ಪುಟದ ಚೀಟಿ, ದೊಡ್ಡ ಅಕ್ಷರದ ಕನ್ನಡದಲ್ಲಿ, ಮಾನಿಟರಿನ ಪಕ್ಕ ಅಂಟಿಸೋ ಹಾಗೆ. ‘ಸರ್ವರ್ ಡೌನ್ ಅನ್ನೋ ಮುಂಚೆ’ ಅಂತ ಮೇಲೆ ಬರೆದು, ತಾರೀಖು ಸರಿ ಇದೆಯಾ, ಬೇರೆ ಸೈಟ್ ತೆರೆಯುತ್ತಾ, ಪಕ್ಕದ ಪಿಸಿಯಲ್ಲಿ ತೆರೆಯುತ್ತಾ, ಲ್ಯಾನ್ ವೈರಿನ ದೀಪ ಮಿಣುಕ್ತಾ ಇದೆಯಾ, ಇಷ್ಟು. ಕೆಳಗೆ ಇನ್ನೊಂದು ಸಾಲು: ಎರರ್ ಬಂದರೆ ಅದರ ಫೋಟೋ ತೆಗೆದಿಡಿ. ಪದೇ ಪದೇ ಬರೋ ಹತ್ತು ಹದಿನೈದು ಇಂಗ್ಲಿಷ್ ಎರರುಗಳಿಗೆ ಹಿಂದಿನ ಪುಟದಲ್ಲಿ ಕನ್ನಡ ಅರ್ಥ. ‘ಪ್ರಮಾಣೀಕರಣ ವಿಫಲವಾಗಿದೆ’ ಅಂತ ಪುಸ್ತಕದ ಕನ್ನಡ ಬೇಡ ದಯವಿಟ್ಟು, ‘ಪಾಸ್‌ವರ್ಡ್ ತಪ್ಪೈತಿ’ ಅಂತ ಬರೀರಿ. ಆಪರೇಟರ್ ಅಕ್ಕಾರಿಗೆ ಓದಿಸಿ, ಅವರಿಗೆ ತಿಳೀದ ಶಬ್ದ ತೆಗೆದು ಹಾಕಿ, ಆಮೇಲೆ ಪ್ರಿಂಟ್.

ಎರಡನೇದು ನುಡಿ ಫೈಲುಗಳದ್ದು. ಮುಂದಿನ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಸಂಘದ ರೂಮಿನಲ್ಲಿ ಕೂತ್ಕೊಳ್ಳೋಣ ಅಂತಿದ್ದೀವಿ. ನಿಮ್ಮ ಊರಿನ ಶಾಲೆಯದ್ದು, ಜಾತ್ರಾ ಕಮಿಟಿಯದ್ದು, ಅಜ್ಜ ಬರೆದ ಡೊಳ್ಳಿನ ಪದದ್ದು, ಯಾವ ಸಿಡಿ, ಪೆನ್‌ಡ್ರೈವ್ ಇದ್ದರೂ ಕೊಟ್ಟವರ ಒಪ್ಪಿಗೆ ತಗೊಂಡು ತರ್ರಿ. ಸಿಡಿ ಡ್ರೈವ್ ಇರೋ ಲ್ಯಾಪ್‌ಟಾಪ್ ಯಾರ ಹತ್ತಿರ ಉಳಿದಿದೆಯೋ ಅವರು ಅದನ್ನೂ ತರ್ರಿ, ಈಗ ಅದೇ ಸಿಗೋದು ಕಷ್ಟ. ಹಾರ್ಡ್‌ವೇರ್ ಕಲಿಯೋಕೆ ಬರೋರು ಒಂದು ಸ್ಟಾರ್ ಸ್ಕ್ರೂಡ್ರೈವರ್, ಧೂಳು ಒರೆಸೋಕೆ ಒಂದು ಪೇಂಟ್ ಬ್ರಶ್ ಇಟ್ಟುಕೊಳ್ಳಿ. ಹಳೇ ಟೋನರ್ ಕಾರ್ಟ್ರಿಜ್ ಬಿಚ್ಚೋದೂ ಇದೆ, ಆ ಪುಡಿ ಅರಿವೆಗೆ ಹತ್ತಿದರೆ ಬೇಗ ಹೋಗಲ್ಲ. ಎಥ್ನಿಕ್ ಡೇಗೆ ಅಂತ ಹೊಲಿಸಿದ ಬಿಳಿ ಅಂಗಿ ಹಾಕ್ಕೊಂಡು ಬರಬೇಡ್ರಿ.